ಹಸಿರು ಚಹಾ ಪುಡಿ: ಗುಳಿಗೆ ಸೇವಿಸುವವರು ತಿಳಿದಿರಬೇಕಾದ ಸಂಗತಿಗಳು

ವೈದ್ಯರು ರೋಗಿಯನ್ನು ಪರೀಕ್ಷಿಸುವಾಗ "ಸದ್ಯ ಏನೇನು ಔಷಧ ತೆಗೆದುಕೊಳ್ಳುತ್ತಿದ್ದೀರಿ?" ಎಂದು ಕೇಳುವುದು ವಾಡಿಕೆ. ಬಿ.ಪಿ. ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆ, ರಕ್ತಹೀನತೆಯ ಗುಳಿಗೆ ಎಂದು ಹೆಚ್ಚಿನವರು ಸರಿಯಾಗಿಯೇ ಹೇಳುತ್ತಾರೆ. ಆದರೆ ತೂಕ ಇಳಿಯಲಿ ಎಂದು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕುಡಿಯುವ ಹಸಿರು ಚಹಾ ಪುಡಿಯ ಮಾತು ಬರುವುದೇ ಇಲ್ಲ. "ಅದು ಔಷಧವಲ್ಲ, ಬರೀ ಸೊಪ್ಪಿನ ಪುಡಿ" ಎಂಬುದು ಅನೇಕರ ಭಾವನೆ. ಈ ಭಾವನೆ ಪೂರ್ತಿ ಸರಿಯಲ್ಲ. ಆರೋಗ್ಯವಂತರು ಮಿತವಾಗಿ ಕುಡಿದರೆ ಇದರಿಂದ ಸಾಮಾನ್ಯವಾಗಿ ಕೇಡಿಲ್ಲ. ಆದರೆ ಕೆಲವು ರೋಗಿಗಳಲ್ಲಿ ಇದು ಗುಳಿಗೆಯ ಕೆಲಸವನ್ನೇ ಕೆಡಿಸಬಲ್ಲದು.

ಸೋಸಿದ ಚಹಾಕ್ಕೂ ಪುಡಿಗೂ ಏನು ವ್ಯತ್ಯಾಸ?

ನಾವು ಮನೆಯಲ್ಲಿ ಚಹಾ ಕುದಿಸಿ ಸೋಸುತ್ತೇವೆ. ನೀರಿಗೆ ಇಳಿದ ಸತ್ವ ಮಾತ್ರ ಹೊಟ್ಟೆಗೆ ಹೋಗುತ್ತದೆ, ಚರಟ ಹೊರಗೆ ಬೀಳುತ್ತದೆ. ಪುಡಿಯ ವಿಷಯ ಹಾಗಲ್ಲ. ಇಲ್ಲಿ ಸೋಸುವುದೇ ಇಲ್ಲ. ಎಲೆಯನ್ನು ನುಣ್ಣಗೆ ಬೀಸಿ, ನೀರಿಗೆ ಕದಡಿ, ಇಡೀ ಎಲೆಯನ್ನೇ ಕುಡಿಯುತ್ತೇವೆ. ಆದ್ದರಿಂದ ಎಲೆಯಲ್ಲಿರುವ ಕೆಫೀನ್, ಒಗರು ರುಚಿ ಕೊಡುವ ಕ್ಯಾಟೆಕಿನ್, ಕೆ ಜೀವಸತ್ವ ಎಲ್ಲವೂ ದೇಹ ಸೇರುತ್ತವೆ.

ಇದು ಜಪಾನ್ ದೇಶದ ಪದ್ಧತಿ. ಅಲ್ಲಿ ಇದಕ್ಕೆ ಮಾಚಾ ಎನ್ನುತ್ತಾರೆ. ಐಸೈ ಎಂಬ ಬೌದ್ಧ ಭಿಕ್ಷು 1191ರಲ್ಲಿ ಚೀನಾದಿಂದ ಮರಳುವಾಗ ಚಹಾ ಬೀಜಗಳನ್ನೂ ಪುಡಿ ಚಹಾ ಕುಡಿಯುವ ರೂಢಿಯನ್ನೂ ತಂದರೆಂದು ಹೇಳುತ್ತಾರೆ. ಅಲ್ಲಿಯ ರೂಢಿಯಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಒಂದು ಬಟ್ಟಲಿಗೆ ಹಾಕುವ ಪುಡಿ ಸುಮಾರು 2 ಗ್ರಾಂ ಮಾತ್ರ, ಅಂದರೆ ಒಂದು ಸಣ್ಣ ಚಮಚ. ಎರಡು, ಚಹಾ ಕೂಟದಲ್ಲಿ ಅದನ್ನು ಕುಡಿಯುವ ಮೊದಲು ಅತಿಥಿಗೆ ತಿನ್ನಲು ಸಿಹಿ ಕೊಡುತ್ತಾರೆ. ಅಂದರೆ ಬರಿ ಹೊಟ್ಟೆಗೆ ಕುಡಿಸುವುದಿಲ್ಲ. ನಮ್ಮಲ್ಲಿ ಪುಡಿ ಬಂತು, ಈ ಎರಡು ಕಟ್ಟುಪಾಡು ಬರಲಿಲ್ಲ.

ಸಾಮಾನ್ಯವಾಗಿ ಕಾಣುವ ತೊಂದರೆಗಳು

1. ಹೊಟ್ಟೆಯ ತೊಂದರೆ: ಬರಿ ಹೊಟ್ಟೆಯಲ್ಲಿ ಕುಡಿದಾಗ ವಾಕರಿಕೆ, ಎದೆಯುರಿ, ಹುಳಿ ತೇಗು, ಹೊಟ್ಟೆ ನುಲಿತ ಬರಬಹುದು. ಮೊದಲೇ ಆಸಿಡಿಟಿ, ಹೊಟ್ಟೆಹುಣ್ಣು ಇದ್ದವರಿಗೆ ಇದು ಇನ್ನೂ ಹೆಚ್ಚು.

2. ನಿದ್ರೆ ಬಾರದಿರುವುದು, ಎದೆ ಬಡಿತ: ಒಂದು ಗ್ರಾಂ ಪುಡಿಯಲ್ಲಿ ಸುಮಾರು 20ರಿಂದ 40 ಮಿಲಿಗ್ರಾಂ ಕೆಫೀನ್ ಇರುತ್ತದೆ. ಎರಡು ಚಮಚ ಹಾಕಿದರೆ ಒಂದು ಲೋಟ ಗಟ್ಟಿ ಕಾಫಿ ಕುಡಿದ ಲೆಕ್ಕ. ಇದರ ಮೇಲೆ ದಿನವೂ ನಾಲ್ಕು ಸಲ ಚಹಾ ಕುಡಿಯುವವರಿಗೆ ಕೈ ನಡುಕ, ಎದೆ ಬಡಿತ, ತಲೆನೋವು, ರಾತ್ರಿ ನಿದ್ರೆಗೇಡು ಆಗಬಹುದು. ಆರೋಗ್ಯವಂತ ವಯಸ್ಕರಿಗೆ ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ದಾಟಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿದೆ.

3. ಭೇದಿ: ತೂಕ ಇಳಿಸಲೆಂದು ಮಾರುವ ಕೆಲವು ಮಿಶ್ರ ಚಹಾಗಳಲ್ಲಿ ಸೋನಾಮುಖಿ ಸೊಪ್ಪು ಸೇರಿರುತ್ತದೆ. ಅದು ಭೇದಿಯ ಔಷಧ. ಭೇದಿಯಾಗಿ ನೀರು ಹೋದಾಗ ತಕ್ಕಡಿಯಲ್ಲಿ ತೂಕ ಕಡಿಮೆ ಕಾಣುತ್ತದೆ, ಬೊಜ್ಜು ಕರಗಿರುವುದಿಲ್ಲ. ಕೊಳ್ಳುವ ಮುನ್ನ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿ ಓದಿ, ಅಥವಾ ಓದಿಸಿಕೊಳ್ಳಿ.

ರಕ್ತಹೀನತೆ ಇರುವವರು ಗಮನಿಸಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಇದು ಮನೆಮನೆಯ ಮಾತು.

ಚಹಾದ ಒಗರು ಅಂಶವು ಹೊಟ್ಟೆಯಲ್ಲಿ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿದ ಕಬ್ಬಿಣಾಂಶ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಹೋಗುತ್ತದೆ. ರಾಗಿ, ಸೊಪ್ಪು, ಬೇಳೆಕಾಳುಗಳಲ್ಲಿರುವ ಕಬ್ಬಿಣಾಂಶಕ್ಕೆ ಈ ಅಡ್ಡಿ ಹೆಚ್ಚು. ಸಸ್ಯಾಹಾರಿಗಳಿಗೆ ಕಬ್ಬಿಣಾಂಶ ಸಿಗುವುದೇ ಇವುಗಳಿಂದ. ಸೊಸೆಗೆ ಹಿಮೋಗ್ಲೋಬಿನ್ 8 ಇದೆಯೆಂದು ಗುಳಿಗೆ ಬರೆದುಕೊಟ್ಟಿರುತ್ತಾರೆ. ಆಕೆ ಆ ಗುಳಿಗೆಯನ್ನು ಹಸಿರು ಚಹಾದ ಜೊತೆಗೇ ನುಂಗಿದರೆ ಅದರ ಪೂರ್ತಿ ಫಲ ಸಿಗುವುದಿಲ್ಲ. ಕೆಲವು ತಿಂಗಳ ಬಳಿಕವೂ ರಕ್ತ ಏರಿಲ್ಲವೆಂದು ಎಲ್ಲರೂ ಚಿಂತೆ ಮಾಡುತ್ತಾರೆ.

ಹೀಗೆ ಮಾಡಿ: ಕಬ್ಬಿಣಾಂಶದ ಗುಳಿಗೆಗೂ ಯಾವುದೇ ಚಹಾ, ಕಾಫಿಗೂ ನಡುವೆ ಎರಡು ತಾಸು ಅಂತರ ಇರಲಿ. ಊಟದ ಜೊತೆಗೂ ಚಹಾ ಬೇಡ. ಗುಳಿಗೆಯನ್ನು ನೀರು ಅಥವಾ ನಿಂಬೆಹಣ್ಣಿನ ಪಾನಕದೊಂದಿಗೆ ನುಂಗಿ. ನಿಂಬೆಯ ಸಿ ಜೀವಸತ್ವ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಗರ್ಭಿಣಿಯರು ಪುಡಿಯ ಹವ್ಯಾಸವನ್ನೇ ಬಿಡುವುದು ಒಳ್ಳೆಯದು.

ಯಾವ ಗುಳಿಗೆ ಸೇವಿಸುವವರಿಗೆ ಎಚ್ಚರಿಕೆ ಬೇಕು?

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ: ಹೃದಯದ ಕವಾಟ ಬದಲಿಸಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ವಾರ್ಫರಿನ್ ಅಥವಾ ಅಸಿಟ್ರೋಮ್ ಸೇವಿಸುತ್ತಾರೆ. ಎಲೆಯಲ್ಲಿರುವ ಕೆ ಜೀವಸತ್ವ ಈ ಗುಳಿಗೆಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಅತಿಯಾಗಿ ಹಸಿರು ಚಹಾ ಕುಡಿದ ರೋಗಿಯೊಬ್ಬರಲ್ಲಿ ವಾರ್ಫರಿನ್ ಪರಿಣಾಮ ಕುಗ್ಗಿದ್ದು 1999ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಹಾಗೆಂದು ಇದನ್ನು ಓದಿ ನಾಳೆಯೇ ಪುಡಿಯನ್ನು ಥಟ್ಟನೆ ಬಿಡಬೇಡಿ. ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಗುಳಿಗೆಯ ಪರಿಣಾಮ ಹೆಚ್ಚಾಗಿ ರಕ್ತಸ್ರಾವ ಆಗಬಹುದು. ಮೊದಲು ವೈದ್ಯರಿಗೆ ತಿಳಿಸಿ, ಐ.ಎನ್.ಆರ್. ಪರೀಕ್ಷೆ ಮಾಡಿಸಿ, ಅವರು ಹೇಳಿದಂತೆ ನಡೆಯಿರಿ.

ನಾಡೊಲಾಲ್ ಎಂಬ ಬಿ.ಪಿ. ಗುಳಿಗೆ: ಜಪಾನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಹಸಿರು ಚಹಾ ಕುಡಿದವರ ರಕ್ತದಲ್ಲಿ ಈ ಔಷಧದ ಪ್ರಮಾಣ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. ಗುಳಿಗೆ ನುಂಗಿಯೂ ಬಿ.ಪಿ. ಹತೋಟಿಗೆ ಬಾರದಿದ್ದರೆ ಇಂಥ ಕಾರಣವನ್ನೂ ನೋಡಬೇಕಾಗುತ್ತದೆ.

ಥೈರಾಯ್ಡ್ ಗುಳಿಗೆ: ಇದನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರ ನುಂಗಬೇಕು. ಚಹಾ, ಕಾಫಿ, ಪುಡಿ ಯಾವುದಿದ್ದರೂ ಕನಿಷ್ಠ ಒಂದು ತಾಸಿನ ನಂತರ.

ಸಕ್ಕರೆ ಕಾಯಿಲೆ: ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಂಡು, ತಿಂಡಿಯ ಬದಲಿಗೆ ಒಂದು ಲೋಟ ಹಸಿರು ನೀರು ಕುಡಿದು ಕುಳಿತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬರುವುದು ಇದರ ಗುರುತು.

ಕ್ಯಾನ್ಸರ್ ಚಿಕಿತ್ಸೆ: ಬಾರ್ಟೆಜೊಮಿಬ್ ಎಂಬ ಚುಚ್ಚುಮದ್ದಿನ ಕೆಲಸವನ್ನು ಹಸಿರು ಚಹಾದ ಅಂಶ ತಡೆಯುತ್ತದೆಂದು 2009ರಲ್ಲಿ ಪ್ರಯೋಗಾಲಯದ ಅಧ್ಯಯನ ತೋರಿಸಿತು. ಚಿಕಿತ್ಸೆ ನಡೆಯುವಾಗ ವೈದ್ಯರನ್ನು ಕೇಳದೆ ಇಂಥ ಪುಡಿ ಬೇಡ.

ಯಕೃತ್ತಿಗೆ ಅಪಾಯ ಯಾವಾಗ?

ಸಾಮಾನ್ಯವಾಗಿ ಕುಡಿಯುವ ಚಹಾದಿಂದ ಯಕೃತ್ತಿಗೆ ಹಾನಿಯಾಗುವುದು ತೀರ ಅಪರೂಪ. ಹೆಚ್ಚಿನ ಅಪಾಯ ಇರುವುದು ಸತ್ವವನ್ನು ಗಟ್ಟಿಯಾಗಿ ಇಳಿಸಿ ಮಾಡಿದ ಕ್ಯಾಪ್ಸೂಲುಗಳಲ್ಲಿ. ಅಂಥ ಒಂದು ತೂಕ ಇಳಿಸುವ ಉತ್ಪನ್ನವನ್ನು ಯಕೃತ್ತಿನ ತೊಂದರೆ ಕಂಡುಬಂದ ಕಾರಣ 2003ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಪೂರಕ ಉತ್ಪನ್ನಗಳಿಂದ ಇ.ಜಿ.ಸಿ.ಜಿ. ಎಂಬ ಕ್ಯಾಟೆಕಿನ್ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಸೇರಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ತಿಳಿಸಿತು. ಬರಿ ಹೊಟ್ಟೆಯಲ್ಲಿ ಸೇವಿಸಬಾರದು ಎಂಬ ಎಚ್ಚರಿಕೆಯನ್ನು ಇಂಥ ಉತ್ಪನ್ನಗಳ ಮೇಲೆ ಮುದ್ರಿಸುವುದನ್ನು ಯುರೋಪಿನಲ್ಲಿ 2022ರ ನಿಯಮ ಕಡ್ಡಾಯ ಮಾಡಿತು. ಪುಡಿಯೂ ಕುಡಿದು, ಕ್ಯಾಪ್ಸೂಲೂ ನುಂಗುವವರು ಎರಡು ಪಟ್ಟು ಎಚ್ಚರ ವಹಿಸಬೇಕು.

ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಊಟ ಸೇರದಿರುವುದು, ಮೈ ತುರಿಕೆ, ಬಲಪಕ್ಕೆಯ ಕೆಳಗೆ ನೋವು ಕಂಡರೆ ಪುಡಿ ಮತ್ತು ಕ್ಯಾಪ್ಸೂಲು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬನ್ನಿ. ಪೊಟ್ಟಣವನ್ನೂ ಜೊತೆಗೆ ತನ್ನಿ.

ರೋಗಿಗಳ ಕೆಲವು ಪ್ರಶ್ನೆಗಳು

ಪ್ರಶ್ನೆ: ಇದರಿಂದ ತೂಕ ನಿಜವಾಗಿ ಇಳಿಯುತ್ತದೆಯೇ?
ಉತ್ತರ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2012ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹಸಿರು ಚಹಾದಿಂದ ಇಳಿಯುವ ತೂಕ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಹಿತಮಿತ ಊಟ, ದಿನವೂ ಅರ್ಧ ತಾಸು ಬಿರುಸಿನ ನಡಿಗೆಗೆ ಬದಲಿ ಪುಡಿ ಇಲ್ಲ.

ಪ್ರಶ್ನೆ: ನನಗೆ ಯಾವ ಕಾಯಿಲೆಯೂ ಇಲ್ಲ. ಕುಡಿಯಬಹುದೇ?
ಉತ್ತರ: ಕುಡಿಯಬಹುದು. ದಿನಕ್ಕೆ ಒಂದು ಸಣ್ಣ ಚಮಚ ಸಾಕು. ತಿಂಡಿಯ ನಂತರ ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ, ಸಂಜೆಯ ಮೇಲೆ ಬೇಡ.

ಪ್ರಶ್ನೆ: ಆಪರೇಷನ್ ನಿಗದಿಯಾಗಿದೆ. ಇದನ್ನೂ ಹೇಳಬೇಕೇ?
ಉತ್ತರ: ಖಂಡಿತ ಹೇಳಬೇಕು. ಪುಡಿ, ಕಷಾಯ, ಲೇಹ್ಯ, ಕ್ಯಾಪ್ಸೂಲು ಎಲ್ಲವನ್ನೂ ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ವೈದ್ಯರಿಗೂ ತಿಳಿಸಿ.

ರೋಗಿಯ ಜೊತೆಗಿರುವವರಲ್ಲಿ ಒಂದು ವಿನಂತಿ

ವಯಸ್ಸಾದ ತಂದೆ ತಾಯಿಗೆ "ಆರೋಗ್ಯಕ್ಕೆ ಒಳ್ಳೆಯದು" ಎಂದು ಇಂಥ ಡಬ್ಬಿ ತಂದುಕೊಡುವವರು ಬಹುಪಾಲು ಮನೆಯ ಮಕ್ಕಳೇ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಹಿರಿಯರು ದಿನಕ್ಕೆ ನಾಲ್ಕೈದು ಗುಳಿಗೆ ನುಂಗುತ್ತಿದ್ದರೆ, ಹೊಸದಾಗಿ ಏನನ್ನಾದರೂ ಕೊಡುವ ಮುನ್ನ ಒಂದು ಮಾತು ವೈದ್ಯರನ್ನು ಕೇಳಿ. ಮುಂದಿನ ಸಲ ತಪಾಸಣೆಗೆ ಬರುವಾಗ ಗುಳಿಗೆಗಳ ಚೀಲದಲ್ಲಿ ಆ ಡಬ್ಬಿಯನ್ನೂ ಇಟ್ಟುಕೊಂಡು ಬನ್ನಿ. ನೀವು ಹೇಳಿದ್ದನ್ನು ಕೇಳಿ ಯಾರೂ ಗದರಿಸುವುದಿಲ್ಲ. ಹೇಳದೆ ಉಳಿದ ಸಣ್ಣ ಸಂಗತಿಯಿಂದಲೇ ಕೆಲವೊಮ್ಮೆ ಚಿಕಿತ್ಸೆ ದಾರಿ ತಪ್ಪುತ್ತದೆ.