ಫ್ಲಾಪಿಯ ಝಪ್‌ತಾಲ

ಪಂಡಿತ ಭೀಮಸೇನ ಜೋಶಿಯವರು ಹುಟ್ಟಿದ ರೋಣವೇ ನನ್ನೂರು. ಚಿಕ್ಕವನಿದ್ದಾಗ ಗಜೇಂದ್ರಗಡದ ಮಾಸ್ತರರೊಬ್ಬರ ಹತ್ತಿರ ತಬಲಾ ಕಲಿತೆ. ಅವರು ಹೇಳಿಕೊಟ್ಟದ್ದು ಹಳೆಯ ಕಂಪ್ಯೂಟರಿನ ಮುಂದೆ ಕೂತಾಗ ನೆನಪಾಗಬೇಕಾಯಿತು.

ನರಗುಂದದ ಗೆಳೆಯನ ಮನೆಯಲ್ಲಿ ನಾರ್ತ್ ಸ್ಟಾರ್ ಹೊರೈಝನ್ ಎಂಬ ಕಂಪ್ಯೂಟರ್ ಇತ್ತು. 1977ರಲ್ಲಿ ಬಂದ ಮಾದರಿ. ಅವನ ಕಾಕಾ ಅಮೆರಿಕದಿಂದ ತಂದದ್ದು. ಯಂತ್ರ ನಡೆಯುತ್ತಿತ್ತು, ಅದಕ್ಕೆ ಒಪ್ಪುವ ಫ್ಲಾಪಿ ಇರಲಿಲ್ಲ. ಅದು ಕೇಳುವ ಐದೂಕಾಲು ಇಂಚಿನ ಫ್ಲಾಪಿಯಲ್ಲಿ ನಡುವಿನ ದೊಡ್ಡ ತೂತಿನ ಸುತ್ತ ಹತ್ತು ಸಣ್ಣ ತೂತುಗಳಿರುತ್ತವೆ, ಸೆಕ್ಟರಿಗೊಂದು. ಅವುಗಳಲ್ಲಿ ಎರಡರ ನಟ್ಟನಡುವೆ ಹನ್ನೊಂದನೆಯದು: ಸುತ್ತಿನ ಆರಂಭ ತೋರಿಸುವ ಇಂಡೆಕ್ಸ್ ತೂತು. ನಮಗೆ ಸಿಕ್ಕ ಫ್ಲಾಪಿಗಳಲ್ಲಿ ಇಂಡೆಕ್ಸ್ ಒಂದೇ ಇತ್ತು. ಉಳಿದ ಹತ್ತು ಪಲ್ಸ್‌ಗಳನ್ನು ಆರ್ಡುಯಿನೊ ಬೋರ್ಡಿನಿಂದ ಕೊಡಲು ನಿಶ್ಚಯಿಸಿದೆ.

ಡ್ರೈವಿನ ವೇಗ ನಿಮಿಷಕ್ಕೆ 300 ಸುತ್ತು, ಅಂದರೆ ಸುತ್ತಿಗೆ 200 ಮಿಲಿಸೆಕೆಂಡ್. ಇಂಡೆಕ್ಸ್ ಬಂದ 10 ಮಿಲಿಸೆಕೆಂಡಿಗೆ ಮೊದಲ ಪಲ್ಸ್, ಅಲ್ಲಿಂದ ಪ್ರತಿ 20ಕ್ಕೆ ಒಂದು. ಹಾಗೆಯೇ ಪ್ರೋಗ್ರಾಂ ಬರೆದೆ. ಮುಂಜಾನೆ ಯಂತ್ರ ಬರೆಯಿತು, ಓದಿತು. ಮಧ್ಯಾಹ್ನ ಅದೇ ಫ್ಲಾಪಿಯ ಮೊದಲ ಸೆಕ್ಟರುಗಳು ಸರಿ ಬಂದವು, ಕೊನೆಯವು ಬರಲಿಲ್ಲ. ಎರಡು ದಿನ ಹೆಡ್ ಒರೆಸಿದೆ, ಕೇಬಲ್ ಬದಲಿಸಿದೆ, ಫ್ಲಾಪಿಯನ್ನೇ ಅನುಮಾನಿಸಿದೆ. ಮೂರನೆಯ ದಿನ ಆಸಿಲೋಸ್ಕೋಪ್ ಹಚ್ಚಿದಾಗ ನಿಜ ಕಂಡಿತು. ಮುಂಜಾನೆ 200 ಇದ್ದ ಸುತ್ತು ಮಧ್ಯಾಹ್ನ 202 ಆಗಿತ್ತು. ಡ್ರೈವಿನ ಹಳೆಯ ಬೆಲ್ಟ್ ಸಡಿಲಾಗಿತ್ತು. ಮೊದಲ ಪಲ್ಸಿನಲ್ಲಿ ಕೇವಲ 0.1 ಇದ್ದ ತಪ್ಪು ಕೂಡುತ್ತ ಕೂಡುತ್ತ ಹತ್ತನೆಯದರ ಹೊತ್ತಿಗೆ 1.9 ಮಿಲಿಸೆಕೆಂಡ್. ಬರೆದ ಅಕ್ಷರ ಹೆಡ್ಡಿನ ಕೆಳಗೆ ಬರುವ ಮೊದಲೇ ನನ್ನ ಪಲ್ಸ್ ಹೋಗಿಬಿಡುತ್ತಿತ್ತು.

ಆಗ ನೆನಪಾದರು ಮಾಸ್ತರರು. ಝಪ್‌ತಾಲಕ್ಕೂ ಹತ್ತೇ ಮಾತ್ರೆ. ನಾನು ಸಮಕ್ಕೆ, ಅಂದರೆ ಆವರ್ತದ ಮೊದಲ ಮಾತ್ರೆಗೆ, ಮೊದಲೇ ಬಂದು ನಿಂತಾಗಲೆಲ್ಲ ಅವರು ಹೇಳುತ್ತಿದ್ದರು: "ಗಡಿಯಾರ ನೋಡಿ ಮಾತ್ರಿ ಹಾಕಬ್ಯಾಡೋ ತಮ್ಮಾ, ಹಾಡಾವ್ರ ಲಯ ಹಿಡಿ."

ಪ್ರೋಗ್ರಾಮಿನಿಂದ 200 ಎಂಬ ಅಂಕಿಯನ್ನೇ ತೆಗೆದೆ. ಈಗ ಬೋರ್ಡು ಹಿಂದಿನ ಸುತ್ತು ಎಷ್ಟು ಹೊತ್ತು ತೆಗೆದುಕೊಂಡಿತೆಂದು ಅಳೆಯುತ್ತದೆ. ಅದರ ಇಪ್ಪತ್ತನೆಯ ಒಂದು ಭಾಗಕ್ಕೆ ಮೊದಲ ಪಲ್ಸ್, ಆಮೇಲೆ ಹತ್ತನೆಯ ಒಂದು ಭಾಗಕ್ಕೊಂದು. ಪ್ರತಿ ಇಂಡೆಕ್ಸಿಗೆ ಎಣಿಕೆ ಹೊಸದಾಗಿ ಶುರು. ಬೆಲ್ಟ್ ಬದಲಿಸಿಲ್ಲ, ಮುಂಜಾನೆ ಬರೆದದ್ದು ಮಧ್ಯಾಹ್ನ ಕೊನೆಯ ಸೆಕ್ಟರಿನವರೆಗೂ ಓದುತ್ತದೆ.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ನನ್ನದೊಂದೇ ಮಾತು: ಪುಸ್ತಕದ ಅಂಕಿ ನಂಬುವ ಮೊದಲು ನಿಮ್ಮ ಡ್ರೈವಿನ ಸುತ್ತನ್ನು ಅಳೆಯಿರಿ.