ಬಾರ್ಕೂರಿನಲ್ಲಿ ಉಳಿದ ಪೋರ್ಚುಗೀಸ್ ಕೃದಂತಗಳು

ಸೀತಾನದಿಯ ದಡದ ಬಾರ್ಕೂರು ಒಮ್ಮೆ ಆಳುಪರ ರಾಜಧಾನಿ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯಸ್ಥಾನ. 16ನೆಯ ಶತಮಾನದ ಆದಿಭಾಗದಲ್ಲಿ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಜನು ಇದನ್ನು 'ಬಕನೋರ್' ಎಂದು ಕರೆದು, ಇಲ್ಲಿಯ ಅಕ್ಕಿಯ ವ್ಯಾಪಾರವನ್ನು ವರ್ಣಿಸಿರುವನು. ಆ ಹಡಗುಗಳು ಇಂದಿಲ್ಲ. ಆದರೆ ಗೋವೆಯಿಂದ ಬಂದು ಈ ಸೀಮೆಯಲ್ಲಿ ನೆಲೆಸಿದ ಕ್ರೈಸ್ತರ ಕೊಂಕಣಿಯಲ್ಲಿ ಆ ಭಾಷೆಯ ವ್ಯಾಕರಣದ ತುಣುಕೊಂದು ಇಂದಿಗೂ ಜೀವಂತವಾಗಿದೆ.

ಅವರು ಮದುವೆಗೆ 'ಕಾಜಾರ್' ಎನ್ನುತ್ತಾರೆ. ಪಾಪನಿವೇದನೆಗೆ 'ಕುಮ್ಸಾರ್', ಪರಮಪ್ರಸಾದ ಸ್ವೀಕಾರಕ್ಕೆ 'ಕುಮ್ಗಾರ್'. ಮೂರೂ 'ಆರ್' ಎಂದು ಮುಗಿಯುವುದು ಆಕಸ್ಮಿಕವಲ್ಲ. ಪೋರ್ಚುಗೀಸಿನ ಕಜಾರ್, ಕೊಂಫೆಸಾರ್, ಕೊಮುಂಗಾರ್ ಎಂಬ ಕ್ರಿಯಾಪದಗಳ ಮೂಲರೂಪಗಳೇ ಇವು. ಆ ಭಾಷೆಯಲ್ಲಿ ಮೂಲರೂಪವು ಆರ್, ಏರ್, ಈರ್ ಎಂದು ಮುಗಿಯುವುದು ವಾಡಿಕೆ. ಅದು ನಾಮಪದದಂತೆಯೂ ನಿಲ್ಲಬಲ್ಲದು. ಆದುದರಿಂದಲೇ ಕೊಂಕಣಿಗರು ಅದನ್ನು ಹಾಗೆಯೇ ಎತ್ತಿಕೊಂಡು ನಾಮಪದವಾಗಿ ಬಳಸಿದರು. ನಮ್ಮ ಉತ್ತರ ಕರ್ನಾಟಕದ 'ಪಗಾರ'ವೂ 'ಸಲ್ಲಿಸು' ಎಂಬರ್ಥದ ಪಗಾರ್ ಧಾತುವಿನ ನೆಂಟನೇ.

ಪೋರ್ಚುಗೀಸ್ ಕಲಿಯುವ ನಮ್ಮ ವಿದ್ಯಾರ್ಥಿಗಳು ಎಡವುವುದು ಇಂಗ್ಲಿಷಿನ ಮೂಲಕ ಕಲಿಯಹೊರಟಾಗ. ಅಲ್ಲಿ 'ಸ್ವಿಮಿಂಗ್' ಎಂಬ ಒಂದೇ ರೂಪ 'ಈಜುವುದು' ಎಂದೂ ಆದೀತು, 'ಈಜುತ್ತ' ಎಂದೂ ಆದೀತು. ಪೋರ್ಚುಗೀಸಿನಲ್ಲಿ ಇವೆರಡೂ ಬೇರೆ ಬೇರೆ: ಈಜುವುದು 'ನದಾರ್', ಈಜುತ್ತ 'ನದಾಂದು'. ಕನ್ನಡದ ಕೃದಂತ ಭಾವನಾಮವನ್ನೂ ಕೃದಂತಾವ್ಯಯವನ್ನೂ ಶಾಲೆಯಲ್ಲಿ ಓದಿದವನು ಇಲ್ಲಿ ತಪ್ಪುವ ಕಾರಣವೇ ಇಲ್ಲ. 'ಈಜುವುದು ಒಳ್ಳೆಯದು' ಎನ್ನುವಲ್ಲಿ ನದಾಂದು ಎಂದು ಬರೆದರೆ ಅದು ಇಂಗ್ಲಿಷಿನ ತಪ್ಪು, ಕನ್ನಡದ್ದಲ್ಲ. 'ಮಾರಲು' ಎಂಬ ಅರ್ಥಕ್ಕೂ ಮೂಲರೂಪವೇ ಸಾಕು. ಉದ್ದೇಶವನ್ನು ಒತ್ತಿ ಹೇಳಬೇಕಾದರೆ ಹಿಂದೆ 'ಪಾರ' ಸೇರಿಸಿ 'ಪಾರ ವೆಂದೇರ್' ಎನ್ನಬೇಕು.

ಮೂರನೆಯ ರೂಪದಲ್ಲಿ ಮಾತ್ರ ಕನ್ನಡವೂ ನಮ್ಮನ್ನು ಮೋಸಗೊಳಿಸುವುದು. 'ಬೇಯಿಸಿದ ಅಕ್ಕಿ'ಗೆ 'ಅರೋಜ್ ಕೊಜೀದು' ಸರಿ. 'ಅಕ್ಕಿಯನ್ನು ಬೇಯಿಸಿದ ಹೆಂಗಸು' ಎನ್ನುವಲ್ಲಿಯೂ ನಾವು ಅದೇ 'ಬೇಯಿಸಿದ' ಎನ್ನುತ್ತೇವೆ. ಆದರೆ ಅಲ್ಲಿ ಕೊಜೀದು ಸಲ್ಲದು, ಸಲ್ಲಿಸಿದರೆ ಬೆಂದವಳು ಹೆಂಗಸೇ ಆದಾಳು! ಸಕರ್ಮಕ ಧಾತುಗಳಲ್ಲಿ ಈ ರೂಪವು ಕ್ರಿಯೆಗೆ ಒಳಗಾದುದನ್ನು ಹೇಳುವುದೇ ಹೊರತು ಕ್ರಿಯೆ ಮಾಡಿದವರನ್ನಲ್ಲ. ವಿಶೇಷಣವಾಗಿ ನಿಂತಾಗ ಅದು ಲಿಂಗವಚನಗಳನ್ನೂ ಅನುಸರಿಸುವುದು: ಮದುವೆಯಾದ ಗಂಡಸು 'ಕಜಾದು', ಹೆಂಗಸು 'ಕಜಾದ'. ಕನ್ನಡದ 'ಮದುವೆಯಾದ' ಇಬ್ಬರಿಗೂ ಒಂದೇ. ಇನ್ನು ಅಬೆರ್ತು (ತೆರೆದ), ಎಶ್ಕ್ರೀತು (ಬರೆದ), ಫೆಯ್ತು (ಮಾಡಿದ) ಮುಂತಾದ ಅನಿಯತ ರೂಪಗಳನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ಈಗ 'ಮಾರು' ಎಂಬರ್ಥದ ವೆಂದೇರ್ ಧಾತುವಿನಿಂದ ಅಭ್ಯಾಸ ಮಾಡೋಣ. ಕೆಳಗಿನ ಉತ್ತರವನ್ನು ಮರೆಮಾಡಿ, ಯಾವ ರೂಪ ಬರಬೇಕೆಂದು ಮೊದಲು ತಾವೇ ಬರೆಯಿರಿ. ಅಕ್ಕಿಯನ್ನು ಮಾರುವುದು ಕಷ್ಟ. ಅಕ್ಕಿಯನ್ನು ಮಾರುತ್ತ ಊರೂರು ತಿರುಗಿದರು. ಮಾರಿದ ಅಕ್ಕಿ ಹಡಗಿನಲ್ಲಿದೆ. ಅಕ್ಕಿಯನ್ನು ಮಾರಿ ಮನೆಗೆ ಹೋದರು. ಅಕ್ಕಿಯನ್ನು ಮಾರಿದ ವರ್ತಕ ಬಾರ್ಕೂರಿನವನು.

ಮೊದಲ ಮೂರಕ್ಕೆ ಕ್ರಮವಾಗಿ ವೆಂದೇರ್, ವೆಂದೇಂದು, ವೆಂದೀದು. ನಾಲ್ಕನೆಯದಕ್ಕೆ ಎರಡು ರೂಪಗಳು ಕೂಡಿ 'ತೆಂದು ವೆಂದೀದು'. ಐದನೆಯದಕ್ಕೆ ವೆಂದೀದು ಎಂದು ಬರೆದವರು ವರ್ತಕನನ್ನೇ ಮಾರಿಬಿಟ್ಟಿದ್ದಾರೆ. ಅಲ್ಲಿ 'ಯಾವನು ಮಾರಿದನೋ' ಎಂಬ ರೀತಿಯಲ್ಲಿ 'ಕಿ ವೆಂದೆವ್' ಎನ್ನಬೇಕು.