ಮರಕ್ಕೆ ಸಿಕ್ಕಿದ ಆಟದ ರಾಕೆಟ್ಟನ್ನು ಇಳಿಸುವ ಬಗೆ



ನಿಮ್ಮೂರಿನ ಶಾಲೆಯ ಮಕ್ಕಳು ಮಾಸ್ತರರ ಜೊತೆ ಬಯಲಿಗೆ ಬಂದು, ಕಾಗದದ ಕೊಳವೆಯಿಂದ ಮಾಡಿದ ರಾಕೆಟ್ಟೊಂದನ್ನು ಹಾರಿಸಿದರೆಂದು ಇಟ್ಟುಕೊಳ್ಳಿ. ಅದು ಸರ್ರನೆ ಮೇಲೇರಿತು. ಮೇಲೆ ಬಣ್ಣದ ಗಾಳಿಕೊಡೆ ಬಿಚ್ಚಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗಾಳಿ ಬೀಸಿತು. ರಾಕೆಟ್ಟು ತೇಲುತ್ತ ಬಂದು ನಿಮ್ಮ ಹೊಲದ ಬದುವಿನ ನೇರಳೆ ಮರದ ತುದಿಗೆ ಸಿಕ್ಕಿಕೊಂಡಿತು. ಮಕ್ಕಳು ಓಡಿ ಬಂದು, “ಮಾವ, ಒಂಚೂರು ಇಳಿಸಿಕೊಡಿ” ಎಂದು ನಿಮ್ಮನ್ನು ಸುತ್ತುಗಟ್ಟಿದರು. ನೀವಾದರೋ ಎಳವೆಯಿಂದ ಮರ ಹತ್ತಿದವರು. ಪಂಚೆ ಎತ್ತಿ ಕಟ್ಟಿ ಹತ್ತಿಯೇ ಬಿಡೋಣವೆಂದು ಮನಸ್ಸಾಗುತ್ತದೆ.

ಈ ಪಾಠವು ಆ ಗಳಿಗೆಗಾಗಿಯೇ ಬರೆದದ್ದು. ರಾಕೆಟ್ಟಿನ ಬದಲು ಗಾಳಿಪಟವಾಗಲಿ, ಔಷಧಿ ಸಿಂಪಡಿಸುವ ಡ್ರೋನ್ ಆಗಲಿ ಸಿಕ್ಕಿಕೊಂಡಿದ್ದರೂ ಇಲ್ಲಿ ಹೇಳಿದ ಕ್ರಮವೇ ಸರಿ. ಎಲ್ಲಕ್ಕೂ ಮೂಲವಾದ ಮಾತು ಒಂದೇ: ಕೆಲಸವನ್ನು ನೆಲದ ಮೇಲೆ ನಿಂತು ಮಾಡಿ, ನೆಲದಿಂದ ಆಗದಿದ್ದರೆ ವಸ್ತುವನ್ನು ಬಿಡಿ.

ಆಟದ ರಾಕೆಟ್ಟು ಎಂದರೇನು?

ರಾಕೆಟ್ಟು ನಮ್ಮ ನಾಡಿಗೆ ಹೊಸದಲ್ಲ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯಗಳು ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಅಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಹೊರತೆಗೆಯಲಾಯಿತು. ಅವು ಯುದ್ಧದ ರಾಕೆಟ್ಟುಗಳು.

ಆಟದ ರಾಕೆಟ್ಟಿನ ಕಥೆಯೇ ಬೇರೆ. 1950ರ ದಶಕದಲ್ಲಿ ಅಮೆರಿಕದ ಹುಡುಗರು ಲೋಹದ ಕೊಳವೆಗೆ ತಾವೇ ಮದ್ದು ತುಂಬಿ ಹಾರಿಸಲು ಹೋಗಿ ಗಾಯಗೊಳ್ಳುತ್ತಿದ್ದರು. ಆರ್ವಿಲ್ ಕಾರ್ಲೈಲ್ ಎಂಬುವರು 1954ರಲ್ಲಿ ಕಾಗದದ ಮೈಯ ಹಗುರವಾದ ರಾಕೆಟ್ಟನ್ನು ರೂಪಿಸಿದರು. 1957ರಲ್ಲಿ ಹ್ಯಾರಿ ಸ್ಟೈನ್ ಎಂಬುವರು ಅದನ್ನು ಮಾರಾಟಕ್ಕೆ ತಂದು, ಈ ಹವ್ಯಾಸಕ್ಕಾಗಿ ಒಂದು ರಾಷ್ಟ್ರೀಯ ಸಂಘವನ್ನೂ ಕಟ್ಟಿದರು. ಮೈಗೆ ಕಾಗದ, ರೆಕ್ಕೆಗೆ ಹಗುರವಾದ ಮರ, ಮದ್ದು ಮಾತ್ರ ಕಾರ್ಖಾನೆಯಲ್ಲಿ ತುಂಬಿದ ಕೊಳವೆಯಲ್ಲಿ. ಇದೇ ಅದರ ಗುಟ್ಟು.

ಮದ್ದು ಉರಿದು ರಾಕೆಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಆಮೇಲೆ ಕೆಲವು ಸೆಕೆಂಡು ನಿಧಾನವಾಗಿ ಹೊಗೆಯಾಡುತ್ತದೆ. ಕೊನೆಗೆ ಒಳಗಿನ ಸಣ್ಣದೊಂದು ಸಿಡಿತವು ಮೂತಿಯನ್ನು ಕಳಚಿ ಗಾಳಿಕೊಡೆಯನ್ನು ಹೊರದಬ್ಬುತ್ತದೆ. ಆ ಕೊಡೆಯೂ ಅದರ ದಾರಗಳೂ ಮರದ ರೆಂಬೆಗೆ ಸಿಕ್ಕುವ ಭಾಗಗಳು.

ಆ ಸಂಘದ ಸುರಕ್ಷತಾ ನಿಯಮಗಳಲ್ಲಿ ಒಂದನ್ನು ನೀವು ತಿಳಿಯಬೇಕು. ವಿದ್ಯುತ್ ತಂತಿ, ಎತ್ತರದ ಮರ ಮುಂತಾದ ಅಪಾಯದ ಜಾಗಗಳಿಂದ ರಾಕೆಟ್ಟನ್ನು ತೆಗೆಯಲು ಹೋಗಕೂಡದು ಎಂಬುದೇ ಆ ನಿಯಮ. ಈ ಆಟದಲ್ಲಿ ಪಳಗಿದವರೇ ಹೀಗೆ ಕಟ್ಟುಮಾಡಿಕೊಂಡಿರುವಾಗ, ಮಕ್ಕಳ ಮುಂದೆ ಹಿಂಜರಿಯುವುದು ಅವಮಾನವೆಂದು ನಾವು ಎಣಿಸಬೇಕಿಲ್ಲ.

ಮೊದಲು ನಿಂತು ನೋಡಿ

ಮರದ ಸುತ್ತ ಒಂದು ಸುತ್ತು ಬನ್ನಿ. ನಾಲ್ಕು ಸಂಗತಿಗಳನ್ನು ಗಮನಿಸಿ.

1. ತಂತಿ: ಮರದ ಮೇಲಾಗಲಿ, ಪಕ್ಕದಲ್ಲಾಗಲಿ ವಿದ್ಯುತ್ ತಂತಿ ಹಾದುಹೋಗಿದೆಯೇ? ಎಲೆಗಳ ಮರೆಯಲ್ಲಿ ತಂತಿ ಕಾಣುವುದಿಲ್ಲ. ಅತ್ತಿತ್ತಲ ಕಂಬಗಳನ್ನು ನೋಡಿ ತಂತಿಯ ದಾರಿಯನ್ನು ಊಹಿಸಿ.

2. ಹುಳು: ಹೆಜ್ಜೇನು ಕಟ್ಟಿದೆಯೇ? ಕಟ್ಟಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮಕ್ಕಳನ್ನು ದೂರ ಕರೆದೊಯ್ಯಿರಿ. ಕೆಣಕಿದ ಹೆಜ್ಜೇನು ದನಕರುಗಳ ಪ್ರಾಣವನ್ನೂ ಮನುಷ್ಯರ ಪ್ರಾಣವನ್ನೂ ತೆಗೆದದ್ದುಂಟು. ಕೆಂಜಿಗದ ಗೂಡುಗಳನ್ನೂ ನೋಡಿಕೊಳ್ಳಿ.

3. ಮರ: ಒಣಗಿದ ಕೊಂಬೆಗಳಿವೆಯೇ? ತೊಗಟೆ ಒದ್ದೆಯಾಗಿದೆಯೇ?

4. ರಾಕೆಟ್ಟು: ಕೊಡೆ ಬಿಚ್ಚಿಕೊಂಡಿದೆಯೇ? ಬಿಚ್ಚಿಕೊಂಡಿದ್ದರೆ ಒಳಗಿನ ಸಿಡಿತ ಮುಗಿದಿದೆ ಎಂದು ಅರ್ಥ. ಬಿಚ್ಚದಿದ್ದರೆ ಮದ್ದು ಇನ್ನೂ ಇರಬಹುದು. ಆಗ ಮರದ ಕೆಳಗೆ ಯಾರನ್ನೂ ಬಿಡಬೇಡಿ.

ಮರ ಬೇರೆಯವರದಾಗಿದ್ದರೆ ಅವರನ್ನು ಕೇಳಿಯೇ ಕೈಹಾಕಿ. ಹೂವು, ಹೀಚು ಬಿಟ್ಟ ಕಾಲದಲ್ಲಿ ಮಾವಿನ ಮರವನ್ನು ಅಲ್ಲಾಡಿಸಿದರೆ ನಷ್ಟ ಮರದ ಒಡೆಯನಿಗೆ.

ತಂತಿ ಇದ್ದಲ್ಲಿ ಕೈಹಾಕಬೇಡಿ

ಊರ ಹೊರಗೆ ಹೊಲಗಳ ಮೇಲೆ ಹಾದುಹೋಗುವ ಅನೇಕ ತಂತಿಗಳಲ್ಲಿ 11,000 ವೋಲ್ಟಿನ ಶಕ್ತಿ ಇರುತ್ತದೆ. ಮನೆಯ ದೀಪಕ್ಕೆ ಬರುವುದು 230 ವೋಲ್ಟ್ ಮಾತ್ರ. ತಂತಿಗೆ ತಾಗಿದ ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯಬಲ್ಲದು. ಅಡಿಕೆ ಕೊಯ್ಯುವ ದೋಟಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆಂದು ಎಲ್ಲರಿಗೂ ಗೊತ್ತು. ಈಗ ಬಂದಿರುವ ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ಹರಿಯುತ್ತದೆ ಎಂಬುದು ಹಲವರಿಗೆ ತಿಳಿಯದು. ಅದು ನೋಡಲು ಲೋಹದಂತಿಲ್ಲ. ಆದರೆ ಲೋಹದಂತೆಯೇ ಕೊಲ್ಲಬಲ್ಲದು. ಒದ್ದೆಯಾದ ಬಿದಿರಿನ ಗಳವನ್ನೂ ನಂಬಕೂಡದು.

ಆದಕಾರಣ ಒಂದು ಲೆಕ್ಕವನ್ನು ನೆನಪಿಡಿ: ಗಳದ ಉದ್ದಕ್ಕೆ ನಿಮ್ಮ ಎತ್ತರವನ್ನೂ, ಮೇಲೆ 10 ಅಡಿಯನ್ನೂ ಕೂಡಿಸಿ. ತಂತಿಯು ಅದಕ್ಕಿಂತ ಹತ್ತಿರವಿದ್ದರೆ ಗಳವನ್ನು ಎತ್ತಬೇಡಿ. ಗಳ 30 ಅಡಿ, ನೀವು 5 ಅಡಿ ಎಂದಾದರೆ, ತಂತಿ 45 ಅಡಿಗಿಂತ ಆಚೆ ಇರಬೇಕು. ಗಳವು ಕೈಜಾರಿ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗಬಾರದು ಎಂಬುದೇ ಈ ಲೆಕ್ಕದ ಉದ್ದೇಶ.

ರಾಕೆಟ್ಟು ತಂತಿಗೇ ಸಿಕ್ಕಿದ್ದರೆ, ಅಥವಾ ತಂತಿ ಮರಕ್ಕೆ ತಾಗಿದ್ದರೆ, 1912ಕ್ಕೆ ಫೋನ್ ಮಾಡಿ ತಿಳಿಸಿ. ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸಿ ತೆಗೆಯಲಿ. “ಈಗ ಕರೆಂಟಿಲ್ಲ” ಎಂದು ನೀವೇ ತೀರ್ಮಾನಿಸಬೇಡಿ. ಹೋದ ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದು. ಯಾರಿಗಾದರೂ ಆಘಾತವಾಗಿ ಅವರು ಇನ್ನೂ ತಂತಿಯ ಸಂಪರ್ಕದಲ್ಲಿದ್ದರೆ ಮುಟ್ಟಬೇಡಿ. 11,000 ವೋಲ್ಟಿನ ಮುಂದೆ ಒಣಕೋಲೂ ಕಾಪಾಡದು. ಮೊದಲು ವಿದ್ಯುತ್ ನಿಲ್ಲಬೇಕು.

ಗಳದಿಂದ ಇಳಿಸುವುದು

ತಂತಿಯಿಲ್ಲ, ಹುಳುವಿಲ್ಲ, ರಾಕೆಟ್ಟು 25–30 ಅಡಿಯೊಳಗೆ ಇದೆ ಎಂದಾದರೆ ಗಳವೇ ಉತ್ತಮ ಸಾಧನ. ಒಣಗಿದ ಎರಡು ಬಿದಿರುಗಳನ್ನು ಜೋಡಿಸುವುದಾದರೆ, ಮೂರು ಅಡಿಯಷ್ಟು ಒಂದರ ಮೇಲೊಂದು ಬರುವಂತೆ ಇಟ್ಟು ಮೂರು ಕಡೆ ಬಿಗಿಯಾಗಿ ಕಟ್ಟಿ. ತುದಿಗೆ ಕುಡುಗೋಲು ಬೇಡ. ಕವಲೊಡೆದ ಕೋಲೊಂದನ್ನು ಕಟ್ಟಿ. ಆ ಕವಲನ್ನು ಕೊಡೆಯ ದಾರಗಳೊಳಗೆ ತೂರಿಸಿ, ಗಳವನ್ನು ಮೆಲ್ಲಗೆ ತಿರುಗಿಸಿ. ದಾರಗಳು ಕವಲಿಗೆ ಸುತ್ತಿಕೊಳ್ಳುತ್ತವೆ. ಆಮೇಲೆ ನೆಟ್ಟಗೆ ಕೆಳಕ್ಕೆ ಎಳೆಯಿರಿ. ಕಾಗದದ ಮೈಯನ್ನು ತಿವಿದರೆ ಅದು ಮುರಿಯುವುದೇ ಹೊರತು ಇಳಿಯುವುದಿಲ್ಲ. ರಾಕೆಟ್ಟಿನ ನೇರ ಕೆಳಗೆ ನಿಲ್ಲದೆ ಒಂದಿಷ್ಟು ಓರೆಯಾಗಿ ನಿಲ್ಲಿ. ಕಣ್ಣಿಗೆ ಕಸ ಬೀಳದು.

ಹಗ್ಗದಿಂದ ಇಳಿಸುವುದು

ಗಳ ಎಟುಕದಿದ್ದರೆ ಹಗ್ಗದ ಉಪಾಯವಿದೆ. ಸಣ್ಣ ಬಟ್ಟೆಯ ಚೀಲಕ್ಕೆ ಸುಮಾರು 300 ಗ್ರಾಂ ಮರಳು ತುಂಬಿ ಬಾಯಿ ಹೊಲಿಯಿರಿ. ಕಲ್ಲನ್ನು ಕಟ್ಟಬೇಡಿ, ಮರಳಿ ಬಂದರೆ ತಲೆ ಒಡೆದೀತು. ಚೀಲಕ್ಕೆ ನುಣುಪಾದ ತೆಳು ನೈಲಾನ್ ದಾರವನ್ನು ಕಟ್ಟಿ. ದಾರದ ಉದ್ದ ಕೊಂಬೆಯ ಎತ್ತರದ ಎರಡರಷ್ಟಕ್ಕಿಂತ ಹೆಚ್ಚಿರಲಿ; 40 ಅಡಿಯ ಕೊಂಬೆಗೆ 100 ಅಡಿ ದಾರ ಬೇಕು. ದಾರವನ್ನು ನೆಲದ ಮೇಲೆ ಗೋಣಿತಾಟು ಹಾಸಿ ಸಡಿಲವಾಗಿ ಬಿಡಿ.

ಚೀಲವನ್ನು ಕೈಕೆಳಗಿನಿಂದ ಎರಡು ಮೂರು ಬಾರಿ ತೂಗಿ, ರಾಕೆಟ್ಟು ಸಿಕ್ಕಿರುವ ಕೊಂಬೆಯ ಮೇಲೆ ಹಾಯುವಂತೆ ಎಸೆಯಿರಿ. ಎಸೆಯುವ ದಿಕ್ಕಿನಲ್ಲಿ ಯಾರೂ ಇರಬಾರದು. ಚೀಲ ಆಚೆ ಕಡೆ ನೆಲಕ್ಕೆ ಬಂದ ಮೇಲೆ ಅದನ್ನು ಬಿಚ್ಚಿ, ಆ ತುದಿಗೆ ದಪ್ಪ ಹಗ್ಗವನ್ನು ಕಟ್ಟಿ, ಈಚೆಯಿಂದ ದಾರವನ್ನು ಎಳೆದರೆ ಹಗ್ಗವು ಕೊಂಬೆಯ ಮೇಲೆ ಬರುತ್ತದೆ. ಈಗ ಹಗ್ಗದ ಎರಡೂ ತುದಿಗಳನ್ನು ಕೂಡಿಸಿ ಹಿಡಿದು, ದೂರ ಸರಿದು ನಿಂತು, ಚಿಕ್ಕ ಚಿಕ್ಕ ಜಗ್ಗುಗಳಿಂದ ಕೊಂಬೆಯನ್ನು ಅಲ್ಲಾಡಿಸಿ. ರಭಸದಿಂದ ಎಳೆದರೆ ಕೊಂಬೆಯೇ ಮುರಿದು ಬಿದ್ದೀತು.

ದಾರವನ್ನಾಗಲಿ, ಹಗ್ಗವನ್ನಾಗಲಿ ಅಂಗೈಗೆ ಸುತ್ತಿಕೊಳ್ಳಬೇಡಿ. ಚೀಲವು ಮೇಲೆ ಸಿಕ್ಕಿಕೊಂಡರೆ ಜಗ್ಗಬೇಡಿ. ಬಿಡಿಸಿಕೊಂಡು ಮುಖಕ್ಕೆ ಬಡಿಯಬಹುದು.

ಹತ್ತುವ ಮಾತು

30 ಅಡಿಯಿಂದ ಬಿದ್ದವನು ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಕಿಲ್ಲ. ಆಗ ಅವನ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. ಓಡುವ ಮೋಟಾರು ಸೈಕಲ್ಲಿನಿಂದ ಎಸೆದಂತೆಯೇ ಸರಿ. ಬೆನ್ನುಮೂಳೆ ಮುರಿದರೆ ದುಡಿಯುವ ಮೈ ಹಾಸಿಗೆ ಹಿಡಿಯುತ್ತದೆ. ಆ ಮನೆಯ ಬೇಸಾಯ ಅಲ್ಲಿಗೆ ನಿಂತಂತೆ.

ಹುಣಸೆಯ ಕೊಂಬೆ ಗಟ್ಟಿ. ಆದರೆ ನೇರಳೆ, ನುಗ್ಗೆ, ಸಿಲ್ವರ್ ಓಕ್‌ಗಳ ಕೊಂಬೆ ಹಸಿರಾಗಿರುವಾಗಲೇ ಫಟ್ಟನೆ ಮುರಿಯುವುದುಂಟು. ಅದೂ ಅಲ್ಲದೆ ಹಗುರವಾದ ರಾಕೆಟ್ಟು ಸಿಕ್ಕುವುದು ತುದಿಯ ಎಳೆ ರೆಂಬೆಗೆ. ಅದನ್ನು ಹೊರುವ ರೆಂಬೆ ನಿಮ್ಮನ್ನು ಹೊರಲಾರದು. ಹಣ್ಣು ಕೀಳಲು ನೀವು ಹತ್ತುತ್ತಿದ್ದ ಕೊಂಬೆ ಇದಲ್ಲ ಎಂಬುದನ್ನು ತಿಳಿಯಿರಿ.

ತೆಂಗು, ಅಡಿಕೆ ಮರಗಳ ಮಾತು ಬೇರೆ. ಅವನ್ನು ಹತ್ತುವ ಸಾಧನಗಳಿವೆ. ತರಬೇತಿ ಪಡೆದವರು ಸೊಂಟಪಟ್ಟಿ ಕಟ್ಟಿಕೊಂಡು, ಕಾಯಿ ಕೀಳುವ ದಿನವೇ ರಾಕೆಟ್ಟನ್ನೂ ತರಬಹುದು. ಅದಕ್ಕೆಂದೇ ಯಾರನ್ನೂ ಹತ್ತಿಸಬೇಡಿ. ಜೆಸಿಬಿಯ ಬಕೆಟ್ಟಿನಲ್ಲಿ ಹುಡುಗರನ್ನು ನಿಲ್ಲಿಸಿ ಎತ್ತುವುದು, ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಏಣಿ ನಿಲ್ಲಿಸುವುದು, ಇವೆರಡೂ ಸಲ್ಲದ ಕೆಲಸಗಳು.

ಯಾರಾದರೂ ಬಿದ್ದರೆ ಎತ್ತಿ ಕೂರಿಸಬೇಡಿ. ಕತ್ತು, ಬೆನ್ನು ಅಲುಗದಂತೆ ಹಾಗೆಯೇ ಮಲಗಿಸಿ 108ಕ್ಕೆ ಫೋನ್ ಮಾಡಿ.

ಬಿಟ್ಟುಬಿಡುವುದೂ ಒಂದು ಉಪಾಯ

ತಾಳಿದವನು ಬಾಳಿಯಾನು. ಎಷ್ಟೋ ರಾಕೆಟ್ಟುಗಳು ನಾಲ್ಕು ದಿನದ ಗಾಳಿಗೆ ತಾವೇ ಕೆಳಗೆ ಬರುತ್ತವೆ. ಮಳೆ ಬಂದರೆ ಕಾಗದ ಮೆತ್ತಗಾಗಿ ರಾಕೆಟ್ಟು ಹಾಳಾಗಬಹುದು. ಹಾಳಾಗಲಿ. ಮಕ್ಕಳು ಮತ್ತೊಂದನ್ನು ಮಾಡುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಆದರೆ “ಬಿಟ್ಟುಬಿಡಿ” ಎಂದು ಹೇಳಿ ಹೋಗಬೇಡಿ. ನೀವು ಹೋದ ಮೇಲೆ ಹುಡುಗನೊಬ್ಬ ಗುಟ್ಟಾಗಿ ಹತ್ತಿಯಾನು. ಏಕೆ ಹತ್ತಬಾರದೆಂಬುದನ್ನು ವಿವರಿಸಿ. “ಬಿದ್ದ ದಿನ ನಾನೇ ಶಾಲೆಗೆ ತಂದುಕೊಡುತ್ತೇನೆ” ಎಂದು ಮಾತುಕೊಡಿ, ನಡೆಸಿ.

ಕೆಳಗೆ ಬಂದ ಮೇಲೆ

ಕೊಡೆ ಬಿಚ್ಚದ ರಾಕೆಟ್ಟು ಕೆಳಗೆ ಬಿದ್ದರೆ ಕೂಡಲೇ ಹಿಡಿಯಬೇಡಿ. ಸ್ವಲ್ಪ ಹೊತ್ತು ಬಿಟ್ಟು, ದೊಡ್ಡವರೊಬ್ಬರು ಅದರ ತುದಿಬಾಯಿಗಳು ಯಾರ ಕಡೆಗೂ ತಿರುಗದಂತೆ ಎತ್ತಿ, ಮದ್ದಿನ ಕೊಳವೆಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡಲಿ. ಡ್ರೋನ್ ಆಗಿದ್ದರೆ ಬ್ಯಾಟರಿಯನ್ನು ನೋಡಿ. ಉಬ್ಬಿದ, ಸೀಳಿದ ಬ್ಯಾಟರಿ ತಡವಾಗಿಯೂ ಹೊತ್ತಿಕೊಳ್ಳಬಹುದು. ಅದನ್ನು ಮನೆಯೊಳಗಾಗಲಿ, ಹುಲ್ಲಿನ ಬಣವೆಯ ಬಳಿಯಾಗಲಿ ಇಡದೆ, ಬಯಲಿನಲ್ಲಿ ಮರಳಿನ ಮೇಲೆ ಇಡಿ. ಮರದಲ್ಲಿ ಉಳಿದ ದಾರವನ್ನು ಕೈಗೆಟುಕುವಷ್ಟು ತೆಗೆಯಿರಿ; ಹಕ್ಕಿಗಳ ಕಾಲಿಗೆ ಅದು ಉರುಳು.

ಮತ್ತೆ ಸಿಕ್ಕದಂತೆ

ಈಗ ಮಾಸ್ತರರ ಜೊತೆ ಕೂತು ಒಂದು ಲೆಕ್ಕ ಮಾಡಿ. ರಾಕೆಟ್ಟು 600 ಅಡಿ ಏರಿ, ಕೊಡೆಯಡಿ ಸೆಕೆಂಡಿಗೆ 15 ಅಡಿಯಂತೆ ಇಳಿದರೆ 40 ಸೆಕೆಂಡು ಬೇಕು. ಗಂಟೆಗೆ 10 ಕಿಲೋಮೀಟರ್ ಗಾಳಿ ಎಂದರೆ ಸೆಕೆಂಡಿಗೆ ಸುಮಾರು 9 ಅಡಿ. 40 ಸೆಕೆಂಡಿನಲ್ಲಿ ಅದು 360 ಅಡಿ ತೇಲಿಹೋಗುತ್ತದೆ. ಗಾಳಿ ಎರಡರಷ್ಟಾದರೆ 720 ಅಡಿ. ಹಾರಿಸುವ ಜಾಗದಿಂದ ಗಾಳಿ ಹೋಗುವ ದಿಕ್ಕಿನಲ್ಲಿ ಅಷ್ಟು ದೂರ ಮರವೂ ತಂತಿಯೂ ಇರಬಾರದು.

ಬೆಳಗಿನ ಹೊತ್ತು ಗಾಳಿ ಕಡಿಮೆ, ಆಗಲೇ ಹಾರಿಸಲಿ. ಗಂಟೆಗೆ 32 ಕಿಲೋಮೀಟರಿಗಿಂತ ಹೆಚ್ಚು ಗಾಳಿ ಇದ್ದರೆ ಹಾರಿಸಬಾರದೆಂದು ಆಟದ ನಿಯಮವೇ ಇದೆ. ಕೊಡೆಯ ನಡುವೆ ಒಂದು ತೂತು ಮಾಡಿದರೆ, ಅಥವಾ ಸಣ್ಣ ರಾಕೆಟ್ಟಿಗೆ ಕೊಡೆಯ ಬದಲು ಉದ್ದನೆಯ ಪಟ್ಟಿ ಕಟ್ಟಿದರೆ, ಬೇಗ ಇಳಿಯುತ್ತದೆ. ಕೊಯ್ಲಾದ ಬಯಲು ಒಳ್ಳೆಯ ಜಾಗ. ಆದರೆ ಒಣಹುಲ್ಲಿಗೆ ಕಿಡಿ ತಾಗೀತು. ಹಾರಿಸುವ ಕಂಬಿಯ ಸುತ್ತ ಹುಲ್ಲು ಕೆತ್ತಿಸಿ, ಎರಡು ಬಿಂದಿಗೆ ನೀರು ಇಡಿಸಿ.

ನಿಮ್ಮ ಹೊಲವನ್ನು ಒಂದು ಬೆಳಗಿನ ಮಟ್ಟಿಗೆ ಮಕ್ಕಳಿಗೆ ಬಿಟ್ಟುಕೊಡುವುದಾದರೆ, ಮರ ಹತ್ತಿ ಮಾಡುವುದಕ್ಕಿಂತ ದೊಡ್ಡ ಉಪಕಾರವನ್ನು ನೆಲದ ಮೇಲೆಯೇ ಮಾಡಿದಂತಾಯಿತು.

ಕಟ್ಟೆಯಲ್ಲಿ ಕೂತು ಚರ್ಚಿಸಲು

1. ನಮ್ಮ ಊರಿನಲ್ಲಿ ಯಾವ ಯಾವ ಮರಗಳ ಬಳಿ ವಿದ್ಯುತ್ ತಂತಿ ಹಾದುಹೋಗಿದೆ?
2. ನಮ್ಮಲ್ಲಿರುವ ದೋಟಿಗಳು ಯಾವುದರಿಂದ ಮಾಡಿದವು? ಅವುಗಳ ಉದ್ದಕ್ಕೆ ತಂತಿ ಎಷ್ಟು ದೂರವಿರಬೇಕು?
3. ಮಕ್ಕಳಿಗೆ ರಾಕೆಟ್ಟು, ಗಾಳಿಪಟ ಹಾರಿಸಲು ನಮ್ಮೂರಿನಲ್ಲಿ ತಕ್ಕ ಬಯಲು ಯಾವುದು?